ವೀಸಾ ಬೇಡ ಅಂದ ಮಾತ್ರಕ್ಕೆ ಅನುಮತಿ ಬೇಡ ಅಂತಲ್ಲ

‘ಥಾಯ್ಲೆಂಡಿಗೆ ವೀಸಾ ಬೇಡವಂತೆ, ಮಲೇಷ್ಯಾಕ್ಕೂ ಬೇಡವಂತೆ, ಟಿಕೆಟ್ ತಗೊಂಡ್ರೆ ಸಾಕಂತೆ.’ ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡುಗಳಿಂದ ಹಿಡಿದು ಸಿರುಗುಪ್ಪದ ರೈಸ್‌ಮಿಲ್ಲು, ಕುರುಗೋಡಿನ ಮೆಣಸಿನಕಾಯಿ ಬೆಳೆಗಾರರ ಮನೆಕಟ್ಟೆಯವರೆಗೆ ಈ ಮಾತು ಈಗ ಹರಡಿದೆ. ಅದರ ಮೊದಲರ್ಧ ನಿಜ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳ ಮಟ್ಟಿಗೆ ವೀಸಾ ವಿನಾಯಿತಿ ಕೊಟ್ಟು, ಅದನ್ನು 2026ರ ಕೊನೆಯವರೆಗೆ ಮುಂದುವರಿಸಿತು. ಥಾಯ್ಲೆಂಡ್ 2024ರ ಜುಲೈ 15ರಿಂದ 60 ದಿನಗಳ ವಿನಾಯಿತಿ ಜಾರಿಗೆ ತಂದಿತು. ಟಿಕೆಟ್ ಒಂದಿದ್ದರೆ ಸಾಕು ಅನ್ನುವ ಎರಡನೇ ಅರ್ಧ ಮಾತ್ರ ನಿಜವಲ್ಲ. ಈ ಎರಡೂ ದೇಶಗಳು ವೀಸಾದ ಬದಲಿಗೆ ಮೊಬೈಲಿನಲ್ಲಿ ತುಂಬುವ ಒಂದು ಫಾರಂ ಇಟ್ಟಿವೆ. ಇನ್ನು ಕೆಲವು ದೇಶಗಳು ಫಾರಂ ಜೊತೆಗೆ ಶುಲ್ಕವನ್ನೂ ಮುಂಗಡ ಒಪ್ಪಿಗೆಯನ್ನೂ ಕೇಳುತ್ತವೆ. ಅದಿಲ್ಲದೆ ಹೋದವರನ್ನು ವಿಮಾನ ಹತ್ತಿಸುವುದೇ ಇಲ್ಲ.

ಇಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಬಹಳಷ್ಟು ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಹಣ ಕಳೆದುಕೊಳ್ಳುವುದೂ ಅಲ್ಲಿಯೇ.

ಮೊದಲನೆಯದು ಡಿಜಿಟಲ್ ಆಗಮನ ಕಾರ್ಡ್. ಹಿಂದೆ ವಿಮಾನದೊಳಗೆ ಗಗನಸಖಿಯರು ಒಂದು ಚೀಟಿ ಕೊಡುತ್ತಿದ್ದರು. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಉಳಿಯುವ ಹೋಟೆಲ್ ಬರೆದು ಇಮಿಗ್ರೇಷನ್ ಕೌಂಟರಿನಲ್ಲಿ ಕೊಡಬೇಕಿತ್ತು. ಅದೇ ಚೀಟಿ ಈಗ ಆನ್‌ಲೈನ್ ಆಗಿದೆ. ಥಾಯ್ಲೆಂಡಿನ ‘ಟಿಡ್ಯಾಕ್’ 2025ರ ಮೇ 1ರಿಂದ ಕಡ್ಡಾಯ. ಮಲೇಷ್ಯಾದ ‘ಎಂಡ್ಯಾಕ್’ 2024ರ ಆರಂಭದಿಂದಲೇ ಕಡ್ಡಾಯ. ಎರಡನ್ನೂ ಆ ದೇಶಕ್ಕೆ ಕಾಲಿಡುವ ಹಿಂದಿನ ಮೂರು ದಿನಗಳೊಳಗೆ ತುಂಬಬೇಕು. ಎರಡೂ ಪೂರ್ತಿ ಉಚಿತ. ‘ನಿಮ್ಮ ಅರ್ಜಿ ಮಂಜೂರಾಗಿದೆ’ ಎಂದು ಯಾರೂ ಹೇಳುವುದಿಲ್ಲ. ತುಂಬಿದ ಕೂಡಲೇ ಒಂದು ಕ್ಯೂಆರ್ ಕೋಡ್ ಅಥವಾ ಸಂಖ್ಯೆ ಬರುತ್ತದೆ, ಅಷ್ಟೇ.

ಎರಡನೆಯದು ವಿದ್ಯುನ್ಮಾನ ಪ್ರಯಾಣ ಅನುಮತಿ, ಎಲ್ಲರ ಬಾಯಲ್ಲಿರುವ ಹೆಸರು ಇಟಿಎ. ಇದಕ್ಕೆ ಅರ್ಜಿ ಹಾಕಿ ಕಾಯಬೇಕು. ತಿರಸ್ಕಾರವೂ ಆಗಬಹುದು. ಭಾರತೀಯ ಪಾಸ್‌ಪೋರ್ಟಿನವರಿಗೆ ಹತ್ತಿರದ ಉದಾಹರಣೆ ಶ್ರೀಲಂಕಾ. ಅಲ್ಲಿ 2012ರಿಂದಲೇ ಇಟಿಎ ಇದೆ, ಪ್ರವಾಸಿಗರಿಗೆ 30 ದಿನಗಳ ಮಟ್ಟಿಗೆ ಕೊಡುತ್ತಾರೆ. ಅದರ ಶುಲ್ಕದ ನಿಯಮ ಈಚಿನ ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಆದ್ದರಿಂದ ಹೋದ ವರ್ಷ ಹೋಗಿಬಂದ ನೆಂಟರ ಮಾತು ನಂಬದೆ ಸರ್ಕಾರಿ ಪುಟದಲ್ಲೇ ನೋಡಿಕೊಳ್ಳಬೇಕು. ಕೀನ್ಯಾ ‘ಎಲ್ಲರಿಗೂ ವೀಸಾ ರದ್ದು’ ಎಂದು ಘೋಷಿಸಿ, 2024ರ ಜನವರಿಯಲ್ಲಿ ಅದರ ಜಾಗದಲ್ಲಿ 30 ಡಾಲರಿನ ಇಟಿಎ ತಂದಿತು. ಅದಕ್ಕೆ ಫೋಟೊ, ಪಾಸ್‌ಪೋರ್ಟಿನ ಪ್ರತಿ, ಹೋಟೆಲ್ ಬುಕಿಂಗ್ ಎಲ್ಲವನ್ನೂ ಕೊಡಬೇಕು. ಕೀನ್ಯಾಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರವನ್ನೂ ಇಟ್ಟುಕೊಳ್ಳಲಿ. ಅದಿಲ್ಲದಿದ್ದರೆ ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇರಿಸುತ್ತಾರೆ.

ಇಟಿಎ ವ್ಯವಸ್ಥೆ ಹೊಸದೇನಲ್ಲ. ಆಸ್ಟ್ರೇಲಿಯಾ 1996ರಲ್ಲೇ ಶುರು ಮಾಡಿತು. ಅಮೆರಿಕದ ‘ಎಸ್ಟಾ’ 2009ರ ಜನವರಿ 12ರಿಂದ ಕಡ್ಡಾಯವಾಯಿತು. ಕೆನಡಾ 2016ರಲ್ಲಿ, ನ್ಯೂಜಿಲೆಂಡ್ 2019ರಲ್ಲಿ, ಬ್ರಿಟನ್ 2023ರ ನವೆಂಬರಿನಲ್ಲಿ ಅದೇ ದಾರಿ ಹಿಡಿದವು. ಐರೋಪ್ಯ ಒಕ್ಕೂಟ ತನ್ನ ‘ಎಟಿಯಾಸ್’ ಅನ್ನು 2026ರ ಕೊನೆಯ ತಿಂಗಳುಗಳಲ್ಲಿ ಶುರು ಮಾಡುವುದಾಗಿ ಹೇಳಿದೆ, 30 ದೇಶಗಳಿಗೆ ಒಂದೇ ಅನುಮತಿ, ಶುಲ್ಕ 20 ಯೂರೊ. ಎಲ್ಲದರ ಹಿಂದಿರುವ ಆಲೋಚನೆ ಒಂದೇ. ವೀಸಾ ಬೇಡದವರು ಬಂದಿಳಿದ ಮೇಲೆ ಪರಿಶೀಲಿಸುವ ಬದಲು ಅವರು ಹೊರಡುವ ಮೊದಲೇ ಪಾಸ್‌ಪೋರ್ಟ್ ಸಂಖ್ಯೆಯನ್ನು ತಮ್ಮ ಪಟ್ಟಿಗಳೊಂದಿಗೆ ತಾಳೆ ನೋಡುವುದು. ಫಲಿತಾಂಶ ಪಾಸ್‌ಪೋರ್ಟಿನ ಮೇಲೆ ಮುದ್ರೆಯಾಗಿ ಬೀಳುವುದಿಲ್ಲ, ಆ ಸಂಖ್ಯೆಗೆ ಕಂಪ್ಯೂಟರಿನಲ್ಲಿ ಅಂಟಿಕೊಂಡಿರುತ್ತದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಾಗಲಿ ಹೈದರಾಬಾದಿನ ಶಂಷಾಬಾದಿನಲ್ಲಾಗಲಿ, ಬೋರ್ಡಿಂಗ್ ಪಾಸ್ ಕೊಡುವ ಹೊತ್ತಿಗೆ ವಿಮಾನ ಕಂಪನಿಯವರಿಗೆ ಆ ಉತ್ತರ ಕಾಣಿಸುತ್ತದೆ.

ಅನುಮತಿ ಸಿಗುವುದು ಮನುಷ್ಯನಿಗಲ್ಲ, ಕುಟುಂಬಕ್ಕಂತೂ ಅಲ್ಲ, ಪಾಸ್‌ಪೋರ್ಟಿಗೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಗೊಂದಲ ಮುಕ್ಕಾಲು ಪಾಲು ಕರಗುತ್ತದೆ.

ಒಂದೇ ಮನೆ, ಮೂರು ಪಾಸ್‌ಪೋರ್ಟು

ಒಂದು ಉದಾಹರಣೆ ನೋಡಿ. ಕುರುಗೋಡಿನ ಅಜ್ಜಿ ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದಾರೆ. ವಾಪಸ್ ಬರುವಾಗ ಮಗ, ಮೊಮ್ಮಗ ಜೊತೆಗಿದ್ದಾರೆ. ದಾರಿಯಲ್ಲಿ ಲಂಡನ್ ಸಿಗುತ್ತದೆ, ಎರಡು ದಿನ ಇಳಿದು ನೋಡಿಕೊಂಡು ಬರೋಣ ಅನ್ನುವುದು ಅವರ ಆಸೆ. ಅಜ್ಜಿಯದು ಭಾರತೀಯ ಪಾಸ್‌ಪೋರ್ಟ್, ಅದರಲ್ಲಿ ಅಮೆರಿಕದ ವೀಸಾ ಇದೆ. ಮಗನದೂ ಭಾರತೀಯ ಪಾಸ್‌ಪೋರ್ಟೇ, ಕೈಯಲ್ಲಿ ಗ್ರೀನ್ ಕಾರ್ಡ್. ಮೊಮ್ಮಗ ಅಲ್ಲೇ ಹುಟ್ಟಿದ್ದು, ಅಮೆರಿಕದ ಪಾಸ್‌ಪೋರ್ಟ್, ಜೊತೆಗೆ ಭಾರತದ ಒಸಿಐ ಕಾರ್ಡ್.

ಲಂಡನ್ನಿನಲ್ಲಿ ಹೊರಗೆ ಕಾಲಿಡಬೇಕಾದರೆ ಮೊಮ್ಮಗನಿಗೆ ವೀಸಾ ಬೇಡ, ಆದರೆ ಬ್ರಿಟನ್ನಿನ ಇಟಿಎ ಬೇಕು. ಅಮೆರಿಕದ ಪ್ರಜೆಗಳಿಗೆ ಅದು 2025ರ ಜನವರಿ 8ರಿಂದ ಜಾರಿಯಲ್ಲಿದೆ. ಕೂಸಾದರೂ ಬಿಡುವಂತಿಲ್ಲ, ಪ್ರತಿಯೊಂದು ಪಾಸ್‌ಪೋರ್ಟಿಗೂ ಬೇರೆ ಬೇರೆ. ಶುಲ್ಕ ಮೊದಲು 10 ಪೌಂಡ್ ಇತ್ತು, 2025ರ ಏಪ್ರಿಲ್ 9ರಂದು 16 ಪೌಂಡಿಗೆ ಏರಿತು, ಮುಂದೆಯೂ ಏರಬಹುದು. ಒಮ್ಮೆ ಸಿಕ್ಕರೆ ಎರಡು ವರ್ಷ ನಡೆಯುತ್ತದೆ. ಅಷ್ಟರೊಳಗೆ ಪಾಸ್‌ಪೋರ್ಟಿನ ಅವಧಿ ಮುಗಿದರೆ ಇಟಿಎ ಕೂಡ ಅಲ್ಲಿಗೇ ಮುಗಿಯಿತು, ಹೊಸ ಪಾಸ್‌ಪೋರ್ಟಿಗೆ ಹೊಸ ಅರ್ಜಿ.

ಅಜ್ಜಿಗೂ ಮಗನಿಗೂ ಇಟಿಎ ಸಿಗುವುದಿಲ್ಲ. ಅದು ವೀಸಾ ವಿನಾಯಿತಿ ಇರುವ ದೇಶಗಳವರಿಗೆ ಮಾತ್ರ, ಭಾರತ ಆ ಪಟ್ಟಿಯಲ್ಲಿಲ್ಲ. ಗ್ರೀನ್ ಕಾರ್ಡ್ ಇದ್ದರೂ ಅಷ್ಟೇ. ಇಬ್ಬರೂ ಬ್ರಿಟನ್ನಿನ ಸಂದರ್ಶಕ ವೀಸಾವನ್ನೇ ಮುಂಚಿತವಾಗಿ ಪಡೆಯಬೇಕು.

ಇಳಿಯುವುದು ಬೇಡ, ಹೀಥ್ರೂ ನಿಲ್ದಾಣದೊಳಗೇ ಒಂದು ವಿಮಾನದಿಂದ ಇಳಿದು ಇನ್ನೊಂದು ಹತ್ತೋಣ ಅಂದರೆ ಲೆಕ್ಕ ಬೇರೆ. ಇಮಿಗ್ರೇಷನ್ ಗೆರೆ ದಾಟದೆ ಒಳಗೇ ವಿಮಾನ ಬದಲಿಸುವವರಿಗೆ ಇಟಿಎ ಬೇಡವೆಂದು 2025ರ ಜನವರಿಯಲ್ಲಿ ಬ್ರಿಟನ್ ಹೇಳಿತು, ಹಾಗಾಗಿ ಮೊಮ್ಮಗನಿಗೆ ಏನೂ ಬೇಡ. ಭಾರತೀಯ ಪಾಸ್‌ಪೋರ್ಟಿನವರಿಗೆ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ ಅದರಿಂದ ವಿನಾಯಿತಿ ಇದೆ. ಅಜ್ಜಿಯ ವೀಸಾದ ಅವಧಿ ವಾಪಸ್ ಬರುವ ದಿನಕ್ಕೆ ಮುಗಿದಿರುತ್ತದೆಯೇ ಅನ್ನುವುದನ್ನು ಟಿಕೆಟ್ ಮಾಡುವ ಮೊದಲೇ ನೋಡಬೇಕು. ಸಂದೇಹವಿದ್ದರೆ ಬೇರೆ ದಾರಿಯ ಟಿಕೆಟ್ ತೆಗೆಯುವುದೇ ಒಳ್ಳೆಯದು. ವಯಸ್ಸಾದವರನ್ನು ಪರದೇಶದ ಕೌಂಟರಿನಲ್ಲಿ ನಿಲ್ಲಿಸಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿಸುವುದಕ್ಕಿಂತ ನಾಲ್ಕು ಸಾವಿರ ಹೆಚ್ಚಿನ ಟಿಕೆಟ್ ಮೇಲು.

ಇದೇ ಗ್ರೀನ್ ಕಾರ್ಡ್ ಕೆನಡಾದಲ್ಲಿ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಗ್ರೀನ್ ಕಾರ್ಡ್ ಇರುವ ಭಾರತೀಯರಿಗೆ ಅಲ್ಲಿ ವೀಸಾ ಬೇಡ, 2022ರ ಏಪ್ರಿಲ್ 26ರಿಂದ ಇಟಿಎ ಕೂಡ ಬೇಡ. ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಕೈಯಲ್ಲಿದ್ದರೆ ಸಾಕು. ಹಾಗೆಯೇ ಆಸ್ಟ್ರೇಲಿಯಾದಲ್ಲಿ ಕಾಯಂ ವಾಸದ ಪರವಾನಗಿ ಪಡೆದ ಭಾರತೀಯರು ನ್ಯೂಜಿಲೆಂಡಿಗೆ ವೀಸಾ ಇಲ್ಲದೆ ಅಲ್ಲಿನ ಇಟಿಎ ಮೇಲೆಯೇ ಹೋಗಬಹುದು.

ಒಸಿಐ ಕಾರ್ಡಿನ ಬಗ್ಗೆಯೂ ಒಂದು ಮಾತು. ಅದು ಭಾರತಕ್ಕೆ ಬರಲು ಜೀವಮಾನದ ಪರವಾನಗಿ, ಬೇರೆ ಯಾವ ದೇಶದಲ್ಲೂ ಅದಕ್ಕೆ ಬೆಲೆಯಿಲ್ಲ. ಒಸಿಐ ತಂದು ವಿದೇಶಿ ಪಾಸ್‌ಪೋರ್ಟನ್ನು ಮನೆಯಲ್ಲಿ ಬಿಟ್ಟು ಬಂದರೆ ನಡೆಯುವುದಿಲ್ಲ, ಎರಡೂ ಬೇಕು. ಮಕ್ಕಳ ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಹೊಸದರ ಪ್ರತಿಯನ್ನು ಒಸಿಐ ಪೋರ್ಟಲಿಗೆ ಏರಿಸಬೇಕು. 20 ವರ್ಷ ತುಂಬಿದ ಮೇಲೆ ಪಡೆಯುವ ಪಾಸ್‌ಪೋರ್ಟಿಗೆ ಒಮ್ಮೆ ಕಾರ್ಡನ್ನೇ ಹೊಸದಾಗಿ ಮಾಡಿಸಬೇಕು. ಒಸಿಐ ಇಲ್ಲದ ವಿದೇಶಿ ಸೊಸೆಯೋ ಅಳಿಯನೋ ಮಗನ ಸ್ನೇಹಿತರೋ ಹಂಪಿ ನೋಡಿ ಕುರುಗೋಡಿಗೂ ಬರುವುದಾದರೆ ಇ-ವೀಸಾ ಬೇಕು. ಭಾರತದಲ್ಲಿ ವೀಸಾ ವಿನಾಯಿತಿ ಇರುವುದು ನೇಪಾಳ, ಭೂತಾನದಂಥ ಕೆಲವೇ ದೇಶಗಳವರಿಗೆ. 2025ರ ಅಕ್ಟೋಬರ್ 1ರಿಂದ ವಿದೇಶಿ ಪ್ರವಾಸಿಗರಿಗೆ ನಮ್ಮಲ್ಲೂ ಇ-ಅರೈವಲ್ ಕಾರ್ಡ್ ಬಂದಿದೆ. ಬಂದಿಳಿಯುವ ಹಿಂದಿನ 72 ಗಂಟೆಗಳೊಳಗೆ ತುಂಬಬೇಕು, ಹಣ ಕಟ್ಟಬೇಕಿಲ್ಲ.

ಹೆಸರು ಬರೆಯುವ ಎರಡು ಚೌಕ

ಫಾರಂ ತುಂಬುವಾಗ ನಮ್ಮ ಕಡೆಯವರು ಸಿಕ್ಕಿಬೀಳುವುದು ಹೆಚ್ಚಾಗಿ ಹೆಸರಿನಲ್ಲೇ. ಹುಲಿಗೆಮ್ಮ, ಎರ್ರಿಸ್ವಾಮಿ, ಗಾದಿಲಿಂಗಪ್ಪ, ದೊಡ್ಡಬಸಪ್ಪ. ಇವೆಲ್ಲ ಪೂರ್ತಿ ಹೆಸರುಗಳೇ. ಹಿಂದೆ ಊರಿನದೋ ಅಪ್ಪನದೋ ಒಂದಕ್ಷರದ ಇನಿಷಿಯಲ್ ಇದ್ದರೂ ಇರಬಹುದು, ಮನೆತನದ ಹೆಸರು ಬೇಕೇ ಬೇಕೆಂದಿಲ್ಲ. ಪಾಸ್‌ಪೋರ್ಟಿನಲ್ಲಿ ಮಾತ್ರ ಎರಡು ಚೌಕ ಇರುತ್ತವೆ, ಒಂದು ಸರ್‌ನೇಮ್, ಇನ್ನೊಂದು ಗಿವನ್ ನೇಮ್. ನಮ್ಮ ಹಿರಿಯರ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಮೊದಲನೆಯ ಚೌಕ ಖಾಲಿ. ಆನ್‌ಲೈನ್ ಫಾರಂ ಅದನ್ನು ಖಾಲಿ ಬಿಡಲು ಒಪ್ಪದಿದ್ದಾಗ ಜೆರಾಕ್ಸ್ ಅಂಗಡಿಯ ಹುಡುಗ ತೋಚಿದ್ದನ್ನು ಹಾಕಿಬಿಡುತ್ತಾನೆ, ಊರ ಹೆಸರನ್ನೋ ಗಂಡನ ಹೆಸರನ್ನೋ. ಟಿಕೆಟಿನಲ್ಲಿ ಒಂದು, ಫಾರಂನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅವರು ಮೂವರು ಬೇರೆ ಬೇರೆ ಜನ.

ಆದ್ದರಿಂದ ಪಾಸ್‌ಪೋರ್ಟಿನ ಫೋಟೊ ಇರುವ ಪುಟದ ಅಡಿಯಲ್ಲಿರುವ ಎರಡು ಸಾಲುಗಳನ್ನು ನೋಡಿ. ಒಂದೊಂದರಲ್ಲಿ 44 ಅಕ್ಷರ, ನಡುನಡುವೆ ಬಾಣದ ತುದಿಯಂಥ ಗುರುತು. ಯಂತ್ರ ಓದುವುದು ಅದನ್ನೇ. ಅಲ್ಲಿ ಇರುವ ಕಾಗುಣಿತವನ್ನೇ ಅಕ್ಷರಕ್ಕೆ ಅಕ್ಷರ ಇಳಿಸಿ. ತಿಪ್ಪೇಸ್ವಾಮಿಯನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಬರೆಯಬಹುದು, ಆಧಾರಿನಲ್ಲಿ ಒಂದು ಬಗೆ, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ಬಗೆ ಇರಬಹುದು. ಪ್ರಯಾಣಕ್ಕೆ ಬೇಕಾದದ್ದು ಪಾಸ್‌ಪೋರ್ಟಿನ ಬಗೆ ಮಾತ್ರ. ಹುಟ್ಟೂರಿಗೂ ಇದೇ ಮಾತು. ನಮ್ಮ ಊರಿನ ಹೆಸರು ಇಂಗ್ಲಿಷಿನಲ್ಲಿ ‘ಬಳ್ಳಾರಿ’ ಆದದ್ದು 2014ರ ನವೆಂಬರ್ 1ರಂದು. ಪಾಸ್‌ಪೋರ್ಟಿನಲ್ಲಿ ‘ಬೆಳ್ಳಾರಿ’ ಎಂದೇ ಅಚ್ಚಾಗಿದ್ದರೆ ಫಾರಂನಲ್ಲೂ ಅದೇ ಇರಲಿ.

ಒಂಟಿ ಹೆಸರಿನವರಿಗೆ ಏನು ಮಾಡಬೇಕೆಂದು ಹೆಚ್ಚಿನ ಸರ್ಕಾರಿ ತಾಣಗಳು ಚೌಕದ ಪಕ್ಕದಲ್ಲೇ ಸೂಚನೆ ಕೊಟ್ಟಿರುತ್ತವೆ. ಅದನ್ನು ಓದಿ ಹಾಗೆಯೇ ಮಾಡಿ, ಸ್ವಂತ ಬುದ್ಧಿ ಓಡಿಸಬೇಡಿ. 2022ರ ನವೆಂಬರ್ 21ರಿಂದ ಸಂಯುಕ್ತ ಅರಬ್ ಸಂಸ್ಥಾನವು ಒಂಟಿ ಹೆಸರಿನ ಪಾಸ್‌ಪೋರ್ಟಿನವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ನಿರಾಕರಿಸತೊಡಗಿತು. ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಒಪ್ಪುತ್ತೇವೆ ಎಂದು ಆಮೇಲೆ ತಿಳಿಸಿತು. ಮೇಲಿಂದ ಮೇಲೆ ಹೊರದೇಶಕ್ಕೆ ಹೋಗುವ ಕೆಲಸವಿದ್ದರೆ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ ಸರ್‌ನೇಮ್ ಚೌಕ ತುಂಬಿಸಿಕೊಳ್ಳುವುದೇ ಗಟ್ಟಿ ದಾರಿ.

ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ಸೊನ್ನೆಯೋ ಇಂಗ್ಲಿಷಿನ ‘ಓ’ ಅಕ್ಷರವೋ ಎಂಬ ಅನುಮಾನ. ಭಾರತೀಯ ಪಾಸ್‌ಪೋರ್ಟಿನಲ್ಲಿ ಮೊದಲು ಒಂದು ಅಕ್ಷರ, ಆಮೇಲೆ ಏಳು ಅಂಕೆ. ಎರಡನೇ ಸ್ಥಾನದಿಂದ ಮುಂದಕ್ಕೆ ಗುಂಡಗೆ ಕಂಡದ್ದೆಲ್ಲ ಸೊನ್ನೆಯೇ.

ತಾರೀಖಿನ ವಿಷಯ ಸಣ್ಣದಾಗಿ ಕಂಡರೂ ತಪ್ಪು ಹೆಚ್ಚು. ಬೆಂಗಳೂರಿನಿಂದ ರಾತ್ರಿ 11ಕ್ಕೆ ಹೊರಡುವ ವಿಮಾನ ಬ್ಯಾಂಕಾಕ್ ಮುಟ್ಟುವುದು ಮಾರನೆಯ ದಿನ, ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಫಾರಂ ಕೇಳುವುದು ಹೊರಡುವ ತಾರೀಖಲ್ಲ, ಇಳಿಯುವ ತಾರೀಖು. ಮೂರು ದಿನದ ಲೆಕ್ಕ ಶುರುವಾಗುವುದೂ ಅಲ್ಲಿಂದಲೇ. ಭಾನುವಾರ ಬೆಳಿಗ್ಗೆ ಇಳಿಯುವವರು ಶುಕ್ರವಾರ ಊರಿನಲ್ಲೇ ಕೂತು ತುಂಬಿದರೆ ಸಮಾಧಾನ. ಬಳ್ಳಾರಿಯಿಂದ ರಾತ್ರಿ ರೈಲಿಗೆ ಹತ್ತಿ, ನೆಟ್‌ವರ್ಕ್ ಬಂದಲ್ಲಿ ಬರಲಿ ಎಂದು ದಾರಿಯಲ್ಲಿ ತುಂಬಲು ಹೋಗಬೇಡಿ. ಥಾಯ್ಲೆಂಡಿನ ಫಾರಂನಲ್ಲಿ ಒಂದೇ ಸಲಕ್ಕೆ ಮನೆಮಂದಿಯದ್ದೆಲ್ಲ ಸೇರಿಸಬಹುದು. ತಪ್ಪಾಗಿದ್ದರೆ ತಿದ್ದಲು ಅವಕಾಶವೂ ಇದೆ. ಬಂದ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಉಳಿಸಿ, ಜೊತೆಗೆ ಕಾಗದದ ಮೇಲೂ ಒಂದು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಬ್ಯಾಟರಿ ಮುಗಿದಾಗ ಕಾಗದವೇ ಕೈಹಿಡಿಯುವುದು. ಹೊರಡುವ ಮೊದಲು ಪಾಸ್‌ಪೋರ್ಟಿನಲ್ಲಿ ಇನ್ನೂ ಆರು ತಿಂಗಳ ಅವಧಿ ಉಳಿದಿದೆಯೇ ನೋಡಿಕೊಳ್ಳಿ.

ಯಾವ ತಾಣ, ಯಾರ ಇಮೇಲ್

ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಮೊದಲು ಕಾಣುವುದು ಎಷ್ಟೋ ಸಲ ಜಾಹೀರಾತು. ಸರ್ಕಾರದ್ದೇ ಎನ್ನುವಂತೆ ಬಾವುಟ, ಲಾಂಛನ ಎಲ್ಲವನ್ನೂ ಹಾಕಿ, ಉಚಿತವಾದ ಟಿಡ್ಯಾಕ್‌ಗೆ ಸಾವಿರಗಟ್ಟಲೆ ಕೇಳುವ ಖಾಸಗಿ ತಾಣಗಳಿವೆ. ಕೆಲವು ಹಣ ಪಡೆದು ಫಾರಂ ತುಂಬಿಯೂ ಕೊಡುತ್ತವೆ, ಕೆಲವು ಕಾರ್ಡಿನ ವಿವರ ಪಡೆದು ಮಾಯವಾಗುತ್ತವೆ. ಗುರುತಿಸುವುದು ಹೀಗೆ: ವಿಳಾಸದಲ್ಲಿ ಮೊದಲ ಅಡ್ಡಗೆರೆ ಬರುವವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಿ. ಥಾಯ್ಲೆಂಡ್ ಸರ್ಕಾರದ್ದು ‘ಡಾಟ್ ಗೋ ಡಾಟ್ ಟಿಎಚ್’ ಎಂದು ಮುಗಿಯುತ್ತದೆ, ಮಲೇಷ್ಯಾದ್ದು ‘ಡಾಟ್ ಗವ್ ಡಾಟ್ ಎಂವೈ’, ಶ್ರೀಲಂಕಾದ್ದು ‘ಡಾಟ್ ಗವ್ ಡಾಟ್ ಎಲ್‌ಕೆ’, ಕೀನ್ಯಾದ್ದು ‘ಡಾಟ್ ಗೋ ಡಾಟ್ ಕೆಇ’, ಬ್ರಿಟನ್ನಿನದು ‘ಗವ್ ಡಾಟ್ ಯುಕೆ’, ಅಮೆರಿಕದ್ದು ‘ಡಾಟ್ ಗವ್’. ಕೊನೆಯಲ್ಲಿ ‘ಡಾಟ್ ಕಾಂ’ ಅಥವಾ ‘ಡಾಟ್ ಆರ್ಗ್’ ಕಂಡರೆ, ನಡುವೆ ‘ಗವ್’ ಎಂದು ಇದ್ದರೂ, ಅಲ್ಲಿ ಹಣ ಕಟ್ಟಬೇಡಿ.

‘ನಿಮಗೆ ಎಸ್ಟಾ ಮಾಡಿಸಿಕೊಡುತ್ತೇನೆ, ಯುರೋಪಿಗೆ ಎಟಿಯಾಸ್ ಮಾಡಿಸುತ್ತೇನೆ’ ಎಂದು ಭಾರತೀಯ ಪಾಸ್‌ಪೋರ್ಟಿನವರಿಗೆ ಹೇಳುವ ಏಜೆಂಟರನ್ನು ಅಲ್ಲಿಯೇ ಬಿಟ್ಟುಬಿಡಿ. ನಮಗೆ ಅಮೆರಿಕಕ್ಕೆ ವೀಸಾ, ಯುರೋಪಿಗೆ ಷೆಂಗೆನ್ ವೀಸಾ, ಬೇರೆ ದಾರಿಯಿಲ್ಲ. ಎಸ್ಟಾದ ಶುಲ್ಕ 2025ರ ಸೆಪ್ಟೆಂಬರ್ 30ರಂದು 21 ಡಾಲರಿನಿಂದ 40 ಡಾಲರಿಗೆ ಏರಿತು. ಅಮೆರಿಕಕ್ಕೆ ಹೋಗುವ ಬ್ರಿಟಿಷ್ ಪಾಸ್‌ಪೋರ್ಟಿನ ನೆಂಟರಿಗೆ ಇದನ್ನು ತಿಳಿಸಿ.

ಏಜೆಂಟರೇ ಬೇಡ ಎನ್ನುತ್ತಿಲ್ಲ. ಇಂಗ್ಲಿಷ್ ಬಾರದವರಿಗೆ ಅವರು ಬೇಕಾಗುತ್ತಾರೆ, ನ್ಯಾಯವಾಗಿ ದುಡಿಯುವವರೂ ಇದ್ದಾರೆ. ಆದರೆ ಇಮೇಲ್ ನಿಮ್ಮದೇ ಇರಲಿ, ಇಲ್ಲವೇ ಮನೆಯ ಮಕ್ಕಳದ್ದು. ಒಪ್ಪಿಗೆ ಬರುವುದು, ತಿದ್ದುಪಡಿ ಕೇಳುವುದು ಎಲ್ಲವೂ ಇಮೇಲಿಗೆ. ಏಜೆಂಟರ ಇಮೇಲ್ ಕೊಟ್ಟರೆ ಅವರ ಫೋನ್ ಬಂದ್ ಆದ ದಿನ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ‘ಒಂದು ಸಲ ಪರದೆ ತೋರಿಸಪ್ಪ, ಹೆಸರು ಸರಿ ಇದೆಯಾ ನೋಡ್ತೀನಿ’ ಎಂದು ಕೇಳುವುದಕ್ಕೆ ಸಂಕೋಚ ಪಡಬೇಡಿ.

ಶುಲ್ಕವಿರುವ ಅನುಮತಿಗಳಿಗೆ ಫೋನ್‌ಪೇ, ಗೂಗಲ್‌ಪೇ ಸಾಮಾನ್ಯವಾಗಿ ನಡೆಯುವುದಿಲ್ಲ. ಅಂತರರಾಷ್ಟ್ರೀಯ ವಹಿವಾಟಿಗೆ ತೆರೆದಿರುವ ವೀಸಾ ಅಥವಾ ಮಾಸ್ಟರ್ ಕಾರ್ಡ್ ಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡಿನಲ್ಲಿ ಆ ಸೌಲಭ್ಯ ಮುಚ್ಚಿಕೊಂಡೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆದು, ಕೆಲಸ ಮುಗಿದ ಮೇಲೆ ಮತ್ತೆ ಮುಚ್ಚಿಬಿಡಿ. ವಂಚನೆಯಲ್ಲಿ ಹಣ ಹೋಗಿದೆ ಎಂದು ಗೊತ್ತಾದ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಮೊದಲ ಕೆಲವು ಗಂಟೆಗಳಲ್ಲಿ ದೂರು ದಾಖಲಾದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

‘ವೀಸಾ ಬೇಡ, ಬಾ, ಕೆಲಸ ಕೊಡ್ತೀವಿ’

ಇದನ್ನು ಮಾತ್ರ ಮನೆಯ ಹುಡುಗರಿಗೆ ಕೂರಿಸಿಕೊಂಡು ಹೇಳಬೇಕು. ವೀಸಾ ವಿನಾಯಿತಿ ಇರುವುದು ತಿರುಗಾಡಲು, ದುಡಿಯಲು ಅಲ್ಲ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ, ಕಾಲ್ ಸೆಂಟರ್, ಒಳ್ಳೆ ಸಂಬಳ, ಟಿಕೆಟ್ ನಾವೇ ಹಾಕ್ತೀವಿ ಎಂದು ಟೆಲಿಗ್ರಾಂನಲ್ಲಿ ಬರುವ ಕರೆಗಳು ಈ ವಿನಾಯಿತಿಯನ್ನೇ ಬಳಸಿಕೊಳ್ಳುತ್ತವೆ. ಪ್ರವಾಸಿಯಾಗಿ ಇಳಿದವರನ್ನು ಗಡಿ ಊರಾದ ಮೇ ಸೋಟ್ ದಾರಿಯಾಗಿ ಮ್ಯಾನ್ಮಾರಿಗೆ ದಾಟಿಸಿ, ಪಾಸ್‌ಪೋರ್ಟ್ ಕಿತ್ತುಕೊಂಡು, ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳು ಹಲವು. 2025ರ ಮಾರ್ಚ್ 10 ಮತ್ತು 11ರಂದು ಭಾರತ ಸರ್ಕಾರ ವಾಯುಪಡೆಯ ವಿಮಾನಗಳಲ್ಲಿ ಹೀಗೆ ಸಿಕ್ಕಿಬಿದ್ದಿದ್ದ 549 ಜನರನ್ನು ಮೇ ಸೋಟ್‌ನಿಂದ ವಾಪಸ್ ಕರೆತಂದಿತು.

ಆಗಮನ ಕಾರ್ಡಿನಲ್ಲಿ ‘ಪ್ರಯಾಣದ ಉದ್ದೇಶ’ ಎಂಬ ಚೌಕ ಇರುತ್ತದೆ. ಕೆಲಸಕ್ಕೆ ಹೋಗುವವನಿಗೆ ‘ರಜೆ ಎಂದು ಹಾಕು, ಯಾರೂ ಕೇಳಲ್ಲ’ ಎಂದು ಯಾರಾದರೂ ಹೇಳಿಕೊಟ್ಟರೆ ಆ ಮಾತೊಂದೇ ಸಾಕು, ಪ್ರಯಾಣ ನಿಲ್ಲಿಸಲು. ನಿಜವಾದ ಕೆಲಸ ಕೊಡುವವರು ಕೆಲಸದ ವೀಸಾ ಮಾಡಿಸುತ್ತಾರೆ. ಎಸ್ಸೆಸ್ಸೆಲ್ಸಿ ಆಗದ ಕಾರಣ ‘ಇಸಿಆರ್’ ಪಾಸ್‌ಪೋರ್ಟ್ ಇರುವವರು ಕೆಲಸಕ್ಕಾಗಿ 18 ದೇಶಗಳಿಗೆ ಹೋಗುವ ಮುನ್ನ ವಲಸೆ ಇಲಾಖೆಯ ಒಪ್ಪಿಗೆ ಪಡೆಯಬೇಕು. ಸೌದಿ, ಕುವೈತ್, ಕತಾರ್ ಜೊತೆಗೆ ಮಲೇಷ್ಯಾ, ಥಾಯ್ಲೆಂಡ್ ಕೂಡ ಆ ಪಟ್ಟಿಯಲ್ಲಿವೆ. ಏಜೆಂಟರು ನೋಂದಾಯಿತರೇ ಎನ್ನುವುದನ್ನು ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ತಾಣದಲ್ಲಿ ಹೆಸರು ಹಾಕಿ ನೋಡಬಹುದು. ಅದರಲ್ಲಿ ಹೆಸರಿಲ್ಲದವರ ಕೈಗೆ ಪಾಸ್‌ಪೋರ್ಟನ್ನೂ ಕೊಡಬೇಡಿ, ಮುಂಗಡವನ್ನೂ ಕೊಡಬೇಡಿ. ಹುಡುಗ ಆಗಲೇ ಹೋಗಿ ಸಿಕ್ಕಿಬಿದ್ದಿದ್ದರೆ ಸ್ಥಳೀಯ ಠಾಣೆಯಲ್ಲಿ ದೂರು ಕೊಟ್ಟು, ಅದೇ ದಿನ ಸಚಿವಾಲಯದ ‘ಮದದ್’ ಪೋರ್ಟಲಿನಲ್ಲೂ ದಾಖಲಿಸಿ. ಅವನ ಪಾಸ್‌ಪೋರ್ಟಿನ ಮೊದಲ ಪುಟದ ಪ್ರತಿ ಬೇಕಾಗುತ್ತದೆ, ಅದನ್ನು ಅವನು ಹೊರಡುವ ಮೊದಲೇ ಮನೆಯಲ್ಲಿ ತೆಗೆದಿರಿಸಿಕೊಳ್ಳಿ.